ನಮ್ಮ ಅತ್ತೆಯ ಐದು ಇಂಗ್ಲಿಷ್ ಪದಗಳು

ನಮ್ಮ ಸೋದರತ್ತೆಗೆ ಗೊತ್ತಿರುವುದು ಒಟ್ಟು ಐದು ಇಂಗ್ಲಿಷ್ ಪದಗಳು. ನನಗೆ ಎಷ್ಟು ಗೊತ್ತು ಎಂದು ನಾನು ಎಣಿಸಿಲ್ಲ. ಮೈಸೂರಿನಲ್ಲಿ ಎರಡು ವರ್ಷ ಕೂತು ಇಂಗ್ಲಿಷ್ ಎಂ.ಎ. ಮಾಡಿದವಳಿಗೆ ಎಣಿಸುವ ಅಗತ್ಯ ಬೀಳಲಿಲ್ಲ. ಆದರೂ ನಮ್ಮಿಬ್ಬರಲ್ಲಿ ಇಂಗ್ಲಿಷ್ ಬರುವುದು ತಮಗೊಬ್ಬರಿಗೇ ಎಂದು ಅತ್ತೆ ನಂಬಿದ್ದಾರೆ. "ನಿಂದೆಲ್ಲ ಕೂತ್ಕಂಡು ಕಲ್ತದ್ದು ಕಣಮ್ಮಿ. ನಾನು ನಿಂತ್ಕಂಡು ಕಲ್ತಿವ್ನಿ" ಎನ್ನುತ್ತಾರೆ. ಇದಕ್ಕೆ ಯಾವ ವಿಶ್ವವಿದ್ಯಾಲಯ ಉತ್ತರ ಕೊಡುತ್ತದೆ?

ಅತ್ತೆ ಲೊಕ್ಕನಹಳ್ಳಿಯಿಂದಾಚೆ, ಕಾಡಂಚಿನ ಒಂದು ಊರಿನಲ್ಲಿ ಅಂಗನವಾಡಿ ಟೀಚರಾಗಿದ್ದರು. ಇಪ್ಪತ್ತೆಂಟು ವರ್ಷ ಅದೇ ಒಂದು ಕೋಣೆ, ಅದೇ ಅಂಗಳ. ಪುಟ್ಟ ಮಕ್ಕಳಿಗೂ ಇಂಗ್ಲಿಷ್ ಹೇಳಿಕೊಡಬೇಕೆಂದು ಆದೇಶ ಬಂದಾಗ ಅವರನ್ನು ಯಳಂದೂರಿಗೆ ಮೂರು ದಿನದ ತರಬೇತಿಗೆ ಕರೆದರು. ಮೂರನೆಯ ದಿನ ಎಲ್ಲರ ಕೈಗೂ ಒಂದೊಂದು ಚಾರ್ಟು. ಸನ್ನಿ, ಕ್ಲೌಡಿ, ರೈನಿ, ವಿಂಡಿ, ಫಾಗಿ, ಸ್ನೋಯಿ ಎಂಬ ಆರು ಚಿತ್ರಗಳು, ನಡುವೆ ತಿರುಗುವ ಒಂದು ಬಾಣ. ದಿನಾ ಬೆಳಗ್ಗೆ ಟೀಚರು ಬಾಣ ತಿರುಗಿಸಿ ಇವತ್ತಿನ ಹವಾಮಾನ ಹೇಗಿದೆ ಎಂದು ಇಂಗ್ಲಿಷಿನಲ್ಲಿ ಕೇಳಬೇಕು, ಮಕ್ಕಳು ಒಕ್ಕೊರಲಿನಿಂದ ಹೇಳಬೇಕು. ಇಷ್ಟೇ ಪಾಠ.

ಆ ಭಾನುವಾರ ಅತ್ತೆ ಚಾರ್ಟು ಸುತ್ತಿಕೊಂಡು ಹನೂರಿನ ನಮ್ಮ ಮನೆಗೆ ಬಂದರು. ನಾನು ಫ್ಯಾನಿನ ಕೆಳಗೆ ಕೂತು ಮೊದಲ ಚಿತ್ರದ ಮೇಲೆ ಬೆರಳಿಟ್ಟು, "ಸನ್ನಿ ಅಂದ್ರೆ ಬಿಸಿಲು" ಎಂದೆ.

"ಎದ್ದೇಳು."

"ಯಾಕತ್ತೆ?"

"ನೆಳ್ಳಲ್ಲಿ ಕೂತ್ಕಂಡು ಬಿಸ್ಲಿನ ಎಸ್ರು ಏಳ್ಕೊಟ್ರೆ ಅದು ನಂಗೆ ಅಂಟ್ತದಾ?"

ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆ. ನಾವಿಬ್ಬರೂ ಬರಿಗಾಲಲ್ಲಿ ಅಂಗಳದಲ್ಲಿ ನಿಂತು ಸನ್ನಿ ಕಲಿತೆವು. ಎದುರು ಮನೆಯವರು ಬಂದು, ಅದು ಯಾವ ದೇವರಿಗೆ ಹೊತ್ತ ಹರಕೆ ಎಂದು ನಮ್ಮಮ್ಮನನ್ನು ವಿಚಾರಿಸಿಕೊಂಡು ಹೋದರು.

ಎರಡನೆಯ ಪದ ಅವತ್ತು ಬೇಡವೆಂದರು. ಮೋಡ ಎಲ್ಲಿತ್ತು? ಮೇ ತಿಂಗಳವರೆಗೆ ಕಾದರು. ಮಳೆ ಶುರುವಾದ ದಿನ ಫೋನು ಬಂತು: "ನೆನಿತಾ ನಿಂತಿವ್ನಿ, ಬಿರ್‍ನೆ ಇದ್ರ ಎಸ್ರು ಏಳು." ವಿಂಡಿಗೆ ಆಷಾಢ ಬರಬೇಕಾಯಿತು, ಫಾಗಿಗೆ ಮಾರ್ಗಶಿರ. ಒಂದು ಕೂಸು ಹುಟ್ಟುವಷ್ಟು ಕಾಲದಲ್ಲಿ ಐದು ಪದ. ಆರನೆಯ ಚಿತ್ರದಲ್ಲಿದ್ದ ಹಿಮವನ್ನು ಕತ್ತರಿಯಿಂದ ಕತ್ತರಿಸಿಯೇ ತೆಗೆದರು. "ನಾನೇ ನೋಡ್ದೆ ಇರೋದ್ನ ಮಕ್ಳಿಗೆ ಎಂಗೆ ಏಳನ? ಸಾಕ್ಸಿ ಕೇಳುದ್ರೆ ಏನ್ ತೋರ್ಸನ?" ಬಾಣ ಅಲ್ಲಿಗೆ ಬಂದರೆ ಅಂಗನವಾಡಿಯ ಗೋಡೆ ಕಾಣಿಸುತ್ತಿತ್ತು.

ಸಾಕ್ಷಿಯ ಹುಚ್ಚು ಮಕ್ಕಳಿಗೂ ಹತ್ತಿತು. ಕೂತಲ್ಲಿಂದ ಉತ್ತರ ಹೇಳುವಂತಿಲ್ಲ. ಆಚೆ ಹೋಗಿ, ನಿಂತು, ನೋಡಿ, ಪುರಾವೆ ತರಬೇಕು. ರೈನಿಯಾದರೆ ಒದ್ದೆ ಅಂಗೈ. ಸನ್ನಿಯಾದರೆ ಬಿಸಿ ಅಂಗೈ, ಅದನ್ನು ಟೀಚರಮ್ಮನ ಕೆನ್ನೆಗೆ ಇಟ್ಟು ತೋರಿಸಬೇಕು. ವಿಂಡಿಯಾದರೆ ಕೆದರಿದ ತಲೆ ಸಾಕು. ಕ್ಲೌಡಿಗೆ ಮಾತ್ರ ತರುವಂಥದ್ದೇನೂ ಇಲ್ಲವಲ್ಲ. ಹಾಗಾಗಿ, "ನನ್ ನೆಳ್ಳು ಇಲ್ಲ ಟೀಚರಮ್ಮ" ಎಂದು ವರದಿ ಒಪ್ಪಿಸಬೇಕು. ನಾಲ್ಕು ವರ್ಷದ ಮಗು ತನ್ನ ನೆರಳು ಕಾಣೆಯಾದದ್ದನ್ನು ಇಷ್ಟು ಗಂಭೀರವಾಗಿ ಹೇಳುವುದನ್ನು ನಾನು ಇನ್ನೆಲ್ಲೂ ಕೇಳಿಲ್ಲ.

ಅಷ್ಟರಲ್ಲಿ ಆ ಊರಿಗೆ ಹಳದಿ ವ್ಯಾನು ಬರತೊಡಗಿತು. ಟೈ, ಶೂ, ಇಂಗ್ಲಿಷ್ ಮೀಡಿಯಂ. ಹದಿನೆಂಟು ಮಕ್ಕಳಲ್ಲಿ ಏಳು ಮಕ್ಕಳು ಒಂದೇ ಜೂನ್‌ನಲ್ಲಿ ವ್ಯಾನು ಹತ್ತಿದರು. ಆ ವ್ಯಾನು ಹನೂರಿನ ಯಾವ ಶಾಲೆಯದು ಎಂದು ಅತ್ತೆ ನನ್ನನ್ನು ಕೇಳಲಿಲ್ಲ. ಅದರ ಬೆನ್ನ ಮೇಲೆ ನಾನು ಕೆಲಸ ಮಾಡುವ ಶಾಲೆಯ ಹೆಸರು ದಪ್ಪ ಅಕ್ಷರದಲ್ಲಿ ಬರೆದಿತ್ತು. ನನಗೆ ಬಹಳ ಚೆನ್ನಾಗಿ ಬರುವ ಇಂಗ್ಲಿಷಿನಲ್ಲಿ.

ಉಳಿದ ಹನ್ನೊಂದು ಮಕ್ಕಳ ಇಂಗ್ಲಿಷ್ ನೋಡಲು ಒಬ್ಬ ಅಧಿಕಾರಿ ಬರುತ್ತಾರೆಂದು ಗೊತ್ತಾಯಿತು. ಚೆನ್ನಾಗಿದ್ದರೆ ಅಂಗನವಾಡಿ ಅಲ್ಲೇ ಉಳಿಯುತ್ತದೆ. ಇಲ್ಲದಿದ್ದರೆ ರಸ್ತೆ ಬದಿಯ ದೊಡ್ಡ ಕೇಂದ್ರಕ್ಕೆ ಸೇರಿಹೋಗುತ್ತದೆ. ಹಿಂದಿನ ದಿನ ನಾನು ಅತ್ತೆಗೆ ಹೇಳಿದೆ:

"ಒಂದೇ ಒಂದು ದಿನ ಕೂತಲ್ಲೇ ಹೇಳಿಸ್ಬುಡು ಅತ್ತೆ. ಬಾಣ ಎಲ್ಲಿರುತ್ತೋ ಅದನ್ನೇ ಎಲ್ಲರೂ ಹೇಳಲಿ."

"ಬಾಣ ತಿರುಗ್ಸದು ನಾನು ತಾನೆ ಕೂಸೇ? ನಾನು ತಪ್ಪು ತಿರುಗ್ಸುದ್ರೆ?"

"ತಪ್ಪಾದರೂ ಒಂದೇ ದನಿಯಲ್ಲಿ ಹೇಳಿದರೆ ಸಾಕು."

ಅತ್ತೆ ನನ್ನನ್ನೇ ನೋಡಿದರು. "ಇದನ್ನ ಕಲಿಯಕ್ಕೆ ನಿಂಗೆ ಎರಡು ವರ್ಸ ಬೇಕಾಯ್ತಾ?" ಎಂದರು.

ರಜೆ ಹಾಕಿ ನಾನೂ ಹೋಗಿದ್ದೆ. ಅಧಿಕಾರಿ ಕುರ್ಚಿಯಲ್ಲಿ ಕೂತು, ಚಾರ್ಟಿನ ತೂತನ್ನು ಒಮ್ಮೆ ನೋಡಿ, "ವಾಟ್ ಈಸ್ ದ ವೆದರ್ ಟುಡೇ?" ಎಂದರು. ಹನ್ನೊಂದು ಮಕ್ಕಳೂ ಎದ್ದು, ಅವರ ಕಾಲು ದಾಟಿಕೊಂಡು ಆಚೆ ಓಡಿಹೋದರು. ಕೋಣೆಯಲ್ಲಿ ಉಳಿದದ್ದು ನಾವು ಮೂವರು ಮತ್ತು ಒಂದು ಜೊತೆ ಪುಟ್ಟ ಚಪ್ಪಲಿ. ಅಧಿಕಾರಿ ತಾವೇನಾದರೂ ಹೆದರಿಸಿಬಿಟ್ಟೆವೇ ಎಂಬಂತೆ ಬಾಗಿಲನ್ನೇ ನೋಡುತ್ತಿದ್ದರು. ಹೊರಗೆ, ಹೇಳಿ ಕಳಿಸಿದಂತೆ, ಒಂದು ಮೋಡ ಅಂಗಳವನ್ನು ದಾಟುತ್ತಿತ್ತು. ಮಕ್ಕಳು ಹಿಂದಿರುಗಿದಾಗ ಅರ್ಧ ಸನ್ನಿ ಎಂದವು, ಅರ್ಧ ಕ್ಲೌಡಿ. ಒಂದು ಹುಡುಗಿ ನೇರ ಬಂದು ತನ್ನ ಬಿಸಿ ಅಂಗೈಯನ್ನು ಅಧಿಕಾರಿಯ ಕೆನ್ನೆಗೆ ಇಟ್ಟಳು. ಅವರು ಕರವಸ್ತ್ರ ತೆಗೆದು ಕೆನ್ನೆ ಒರೆಸಿಕೊಂಡರು.

"ಒಂದು ಪ್ರಶ್ನೆಗೆ ಎರಡು ಉತ್ತರ ಇರುತ್ತೇನಮ್ಮ? ಯಾವುದು ಸರಿ?"

"ಎರಡೂವೆ ಸಾ. ಇವು ಓಗಿದ್ದಾಗ್ಲೇ ಮೋಡ ದಾಟ್ತು. ಬೇಲಿ ತಾವ್ಕೆ ಓದವ್ಕೆ ಬಿಸ್ಲು ಸಿಕ್ತು, ಬಾಗ್ಲಲ್ಲೇ ನಿಂತವ್ಕೆ ಮೋಡ ಸಿಕ್ತು. ಒಂದ್ಗಳಿಗೆ ಆಚ್ಗೆ ಬನ್ನಿ ಸಾ, ನೀವೇ ನೋಡ್ಬುಡಿ."

ಅವರು ಏಳಲಿಲ್ಲ. ನನ್ನ ಕಡೆ ತಿರುಗಿ, "ನೀವು ಇಂಗ್ಲಿಷ್ ಟೀಚರಂತೆ. ನಿಮ್ಮ ಸ್ಕೂಲಲ್ಲೂ ಹೀಗೇನಾ?" ಎಂದರು.

"ಇಲ್ಲ ಸರ್" ಎಂದೆ.

ಸುಳ್ಳು ಹೇಳಲಿಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದೆ. ಮಿತವಾಗಿ ಮಾತಾಡುವವಳು ಎಂದು ನನ್ನನ್ನು ಎಲ್ಲರೂ ಹೊಗಳುತ್ತಾರೆ. ಅಧಿಕಾರಿ "ಶಿಸ್ತು ಇಲ್ಲ, ಉತ್ತರದಲ್ಲಿ ಒಮ್ಮತ ಇಲ್ಲ" ಎಂದು ಬರೆದುಕೊಂಡರು. ಅತ್ತೆ ನನ್ನ ಕಡೆ ನೋಡಲೂ ಇಲ್ಲ. ಮಕ್ಕಳಿಗೆ ಮೊಟ್ಟೆ ಸುಲಿಯಲು ಕೂತರು.

ಈಗ ಆ ಕೋಣೆಗೆ ಬೀಗ. ಅತ್ತೆ ರಸ್ತೆ ಬದಿಯ ಕೇಂದ್ರದಲ್ಲಿ ಇನ್ನೊಬ್ಬ ಟೀಚರಿನ ಕೈಕೆಳಗೆ ಮಕ್ಕಳ ತೂಕ ನೋಡುತ್ತಾರೆ, ಅನ್ನ ಬಡಿಸುತ್ತಾರೆ. ಪಾಠ ಅವರಿಗಿಲ್ಲ. ಒಮ್ಮೆ ಫೋನಿನಲ್ಲಿ, "ನಿಂ ಸ್ಕೂಲಿನ ಚಾರ್ಟಲ್ಲಿ ಬಾಣ ತಿರುಗ್ತದಾ ಕೂಸೇ?" ಎಂದು ಕೇಳಿದರು. ತಿರುಗುತ್ತದೆ ಎಂದೆ. ಇದು ಸುಳ್ಳು. ಮೊಳೆ ತುಕ್ಕು ಹಿಡಿದು ನಮ್ಮ ಬಾಣ ಸನ್ನಿಯ ಮೇಲೇ ಕೂತಿದೆ. ರಸ್ತೆಯ ಧೂಳಿಗೆಂದು ಕಿಟಕಿಗಳನ್ನು ಮುಚ್ಚಿರುತ್ತೇವೆ. ತಗಡಿನ ಮೇಲೆ ಮಳೆ ಬಡಿಯುವ ದಿನವೂ ಮೂವತ್ತನಾಲ್ಕು ಮಕ್ಕಳು ಅದಕ್ಕಿಂತ ಜೋರಾಗಿ ಸನ್ನಿ ಎಂದು ಕೂಗುತ್ತಾರೆ. ಒಮ್ಮತಕ್ಕೆ ಯಾವ ಕೊರತೆಯೂ ಇಲ್ಲ.

ಈ ಜೂನ್‌ನಲ್ಲಿ ಯುಕೆಜಿಗೆ ಒಬ್ಬಳು ಹೊಸದಾಗಿ ಬಂದಳು. ಕುತ್ತಿಗೆಗಿಂತ ದೊಡ್ಡ ಟೈ. ನೋಡಿದೊಡನೆ ಗುರುತು ಸಿಕ್ಕಿತು. ಅಧಿಕಾರಿಯ ಕೆನ್ನೆ ಮುಟ್ಟಿದವಳು. ಅವಳಿಗೆ ನನ್ನ ಗುರುತಿರಲಿಲ್ಲ. ನಾನು ದಿನದಂತೆ ಪ್ರಶ್ನೆ ಕೇಳಿದೆ. ಮೂವತ್ತನಾಲ್ಕು ಬಾಯಿಗಳು ಸನ್ನಿ ಎಂದವು. ಅವಳು ಬೆಂಚಿನಿಂದ ಇಳಿದು, ಬಾಗಿಲು ತೆಗೆದು, ಆಚೆ ಓಡಿದಳು.

ಇಡೀ ತರಗತಿ ನನ್ನ ಮುಖ ನೋಡಿತು, ಈಗ ಪೆಟ್ಟು ಬೀಳುತ್ತದೆಂದು. ವರಾಂಡದ ಆ ತುದಿಯಲ್ಲಿ ಹೆಡ್‌ಮಿಸ್ಸಿನ ಹೆಜ್ಜೆ ಸದ್ದು ಕೇಳುತ್ತಿತ್ತು. ಅವಳು ಆತುರವಿಲ್ಲದೆ ವಾಪಸು ಬಂದಳು. ನನ್ನನ್ನು ಬಗ್ಗು ಎಂದು ಕೈಸನ್ನೆ ಮಾಡಿದಳು. ಬಗ್ಗಿದೆ. ಒದ್ದೆ ಅಂಗೈಯನ್ನು ನನ್ನ ಕೆನ್ನೆಗೆ ಇಟ್ಟಳು.

"ರೈನಿ, ಮಿಸ್" ಎಂದಳು. "ಸಣ್ಕೆ ಜಿನುಗ್ತದೆ."

ನಾನು ಕೆನ್ನೆ ಒರೆಸಿಕೊಳ್ಳಲಿಲ್ಲ. ಬಾಗಿಲನ್ನು ಪೂರ್ತಿ ತೆಗೆದು, ಉಳಿದ ಮೂವತ್ತನಾಲ್ವರಿಗೂ ಹೋಗಿ ನೋಡಿಕೊಂಡು ಬನ್ನಿ ಎಂದೆ.