ದಪ್ಪ ಕೊಳವೆಯ ಹಟ

ಬೆಂಗಳೂರಿನಿಂದ ಪೆಟ್ಟಿಗೆಯಲ್ಲಿ ಬಂದದ್ದು ಮೂರು ಗಾಜಿನ ಕೊಳವೆ. ಒಂದರ ರಂಧ್ರ ಕೂದಲಿನಷ್ಟು ಸಣ್ಣದು, ಒಂದರದು ಮಧ್ಯಮ, ಒಂದರದು ದಪ್ಪ. ಡಿಪೋ ಮ್ಯಾನೇಜರ್ ಶ್ರೀನಿವಾಸಪ್ಪನವರು ಸಣ್ಣದನ್ನು ಆರಿಸಿ, ಮಿಕ್ಕ ಎರಡನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮುನಿರಾಮಪ್ಪನ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಯುದ್ಧದ ಕಾಲ. ಮಾಲೂರು ಸ್ಟೇಷನ್ನಿನ ಪಕ್ಕದ ಆ ಡಿಪೋದಲ್ಲಿ ಯಂತ್ರಗಳಿಗೆಂದು ಹರಳೆಣ್ಣೆ ಕೊಳ್ಳುತ್ತಿದ್ದರು. ಎಣ್ಣೆಯ ಮಂದ ಅಳೆಯುವುದು ಮುನಿರಾಮಪ್ಪನ ಕೆಲಸ. ಲಾಳದ ಹಾಗೆ ಬಾಗಿದ ಕೊಳವೆಯನ್ನು ನೀರಿನ ಜಾಡಿಯಲ್ಲಿ ನಿಲ್ಲಿಸಿ, ಎಣ್ಣೆ ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಇಳಿಯಲು ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ಹಿಡಿದು ನೋಡಬೇಕು. ಯಾರಾದರೂ ಕಡಲೆಕಾಯಿ ಎಣ್ಣೆ ಬೆರೆಸಿದ್ದರೆ ಬೇಗ ಇಳಿದು ಸಿಕ್ಕಿಬೀಳುತ್ತದೆ. ಕೆಲಸವೇನೋ ಸುಲಭ. ಆದರೆ ಆ ಸಣ್ಣ ಕೊಳವೆಯಲ್ಲಿ ಹರಳೆಣ್ಣೆ ಇಳಿಯಲು ಆರು ಗಂಟೆ ತೆಗೆದುಕೊಳ್ಳುತ್ತಿತ್ತು. ದಿನಕ್ಕೆ ಒಂದೇ ಮಾದರಿ. ಅಂಗಳದಲ್ಲಿ ಡಬ್ಬಗಳು ಗುಡ್ಡೆ ಬಿದ್ದಿದ್ದವು.

ಪೆಟ್ಟಿಗೆಯ ಜೊತೆ ಬಂದ ಕಾಗದದಲ್ಲಿ ಮಂದದ ಎಣ್ಣೆಗೆ ದಪ್ಪ ಕೊಳವೆ ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಮುನಿರಾಮಪ್ಪ ಅದನ್ನು ಆರು ತಿಂಗಳಿಂದ ತೋರಿಸುತ್ತಲೇ ಇದ್ದ. ಶ್ರೀನಿವಾಸಪ್ಪನವರು ಡಿಪೋಗೆ ಬರುವ ಮುಂಚೆ ಇಪ್ಪತ್ತು ವರ್ಷ ರೇಷ್ಮೆ ನೂಲಿನ ವ್ಯಾಪಾರದಲ್ಲಿದ್ದವರು.

"ಎಳೆ ಸಣ್ಣಗಿದ್ದಷ್ಟೂ ಮಾಲು ಉತ್ತಮ ಕಣಯ್ಯ. ದಪ್ಪ ಎಳೆ ಮಗ್ಗದೋನೂ ಮುಟ್ಟಲ್ಲ. ಇಂಟರ್ ಫೇಲಾದೋನು ನನಗೆ ಹೇಳಕ್ಕೆ ಬರ್ತೀಯಾ?" ಎನ್ನುತ್ತಿದ್ದರು. ರೇಷ್ಮೆಗೂ ಗಾಜಿಗೂ ಏನು ಸಂಬಂಧವೆಂದು ಆ ಮನುಷ್ಯನಿಗೆ ತಿಳಿಹೇಳುವುದು ಯಾರಿಂದಲೂ ಆಗುವಂತಿರಲಿಲ್ಲ.

ಆ ದಿನ ಸಂಜೆ ನಾಲ್ಕಕ್ಕೆ ಬೆಂಗಳೂರಿನ ಸಾಹೇಬರು ಬರುವವರಿದ್ದರು. ಬಾಕಿ ಇದ್ದವುಗಳಲ್ಲಿ ಮೂರು ಮಾದರಿಗಳ ಲೆಕ್ಕವಾದರೂ ಕೈಗೆ ಸಿಗಬೇಕು, ಸಿಕ್ಕರೆ ಮುನಿರಾಮಪ್ಪನ ಕೆಲಸ ಖಾಯಂ ಮಾಡುವ ವಿಚಾರ ನೋಡೋಣ ಎಂದು ಬರೆದಿದ್ದರು. ಮಾಸ್ತಿಯಲ್ಲಿ ಅವನು ನೋಡಿ ಒಪ್ಪಿ ಬಂದಿದ್ದ ಹುಡುಗಿಯ ತಂದೆಯೂ ಖಾಯಂ ಆದ ಮೇಲೇ ಮುಂದಿನ ಮಾತು ಎಂದಿದ್ದರು.

ಮೂರೂ ಆಗುವುದಿಲ್ಲವೆಂದು ಗೊತ್ತಿದ್ದರೂ, ಒಂದಾದರೂ ಆಗಲೆಂದು ಬೆಳಗ್ಗೆ ಎಂಟಕ್ಕೇ ಮೊದಲ ಮಾದರಿ ಹಾಕಿ ಕೂತ. ಒಂಬತ್ತೂವರೆಗೆ ಮುಳಬಾಗಿಲಿನ ಗಾಣದ ಇಮಾಮ್ ಸಾಬ್ ಬಂದರು. ಪರೀಕ್ಷೆಗೆ ಕಾದಿದ್ದ ಡಬ್ಬಗಳಲ್ಲಿ ಅವರವೂ ಇದ್ದವು. ಪೆಟ್ರೋಲ್ ಸಿಗದೆ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಕೂತು ಮುಖವೆಲ್ಲ ಮಸಿಯಾಗಿತ್ತು.

"ಇದು ಇಳೀತಾ ಇದ್ಯಾ, ನಿಂತೈತಾ?" ಎಂದು ಬಗ್ಗಿ ನೋಡಿದರು.

"ಇಳೀತಿದೆ ಸಾಬ್ರೇ. ಅದರ ಪಾಡಿಗೆ ಬಿಡಿ."

ಪಕ್ಕದ ಕಾಫಿ ಅಂಗಡಿಯ ಅಶ್ವತ್ಥಮ್ಮ ಮಜ್ಜಿಗೆ ತಂದವಳು ಇದನ್ನು ಕೇಳಿಸಿಕೊಂಡಳು. ಮುನಿರಾಮಪ್ಪ ಪುಸ್ತಕ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಜಾಡಿಯ ಪಕ್ಕದಲ್ಲಿ ಕೆಂಡದ ಅಗ್ಗಿಷ್ಟಿಕೆ ಇತ್ತು.

"ಚಳಿಗೆ ಗಟ್ಟಿಯಾಗ್ಬಿಟ್ಟದೆ, ನಾಯ್ನಾ. ಸ್ವಲ್ಪ ಕಾವು ಕೊಟ್ಟೆ ಅಷ್ಟೇ," ಎಂದಳು.

ನೀರು ಬಿಸಿಯಾಗಿ ಎಣ್ಣೆ ಸರಸರ ಇಳಿದಿತ್ತು. ಅಷ್ಟು ಹೊತ್ತಿನ ಲೆಕ್ಕವೆಲ್ಲ ಮಣ್ಣುಪಾಲು. ತೊಳೆದು, ಒಣಗಿಸಿ, ಮತ್ತೆ ಹಾಕುವಾಗ ಹನ್ನೊಂದು. ಕೊಳವೆ ಕಟ್ಟಿಕೊಂಡಿದೆಯೆಂದು ಇಮಾಮ್ ಸಾಬ್ ಉಪಕಾರಕ್ಕಾಗಿ ಒಂದು ತುದಿಗೆ ಬಾಯಿಟ್ಟು ಊದಿದರು. ಎಣ್ಣೆಯೆಲ್ಲ ಇನ್ನೊಂದು ತುದಿಯಿಂದ ಚಿಮ್ಮಿ ಮುನಿರಾಮಪ್ಪನ ಅಂಗಿಯ ಮೇಲೆ ಕೂತಿತು. ಸಾಹೇಬರಿಗೆಂದೇ ಇಸ್ತ್ರಿ ಮಾಡಿಸಿದ ಅಂಗಿ ಅದು.

ಮಧ್ಯಾಹ್ನ ಹನ್ನೆರಡು. ಒಂದು ಮಾದರಿಯೂ ಆಗಿಲ್ಲ. ಮುನಿರಾಮಪ್ಪ ಎದ್ದು ಮ್ಯಾನೇಜರ್ ಮುಂದೆ ನಿಂತ.

"ಬೀರು ಬೀಗದ ಕೈ ಕೊಡಿ ಸಾರ್."

"ಕೊಡಲ್ಲ. ಏನ್ಮಾಡ್ತೀಯೋ ಮಾಡು."

ಮಾಡಿಯೇ ಬಿಟ್ಟ. ಡಬ್ಬದ ಮುಚ್ಚಳ ಮೀಟುವ ಕಬ್ಬಿಣ ತಂದು, ಅವರ ಕಣ್ಣೆದುರೇ ಬೀರುವಿನ ಬಾಗಿಲನ್ನು ಕೀಲು ಸಮೇತ ಕಿತ್ತು ಗೋಡೆಗೆ ಒರಗಿಸಿದ. ಬೀಗ ಮಾತ್ರ ಹಾಕಿದ ಹಾಗೇ ಇತ್ತು.

"ಕೆಲಸದಿಂದ ತೆಗಿಸ್ತೀನಿ ನಿನ್ನ," ಎಂದು ಶ್ರೀನಿವಾಸಪ್ಪನವರು ಕೂಗಿದರು.

"ತೆಗಿಸಿ ಸಾರ್. ಅಲ್ಲೀವರೆಗೂ ಸರಿಯಾಗಿ ಅಳೀತೀನಿ."

ದಪ್ಪ ಕೊಳವೆಯಲ್ಲಿ ಎಣ್ಣೆ ನಾಲ್ಕೇ ನಿಮಿಷದಲ್ಲಿ ಇಳಿಯಿತು. ಒಂದೊಂದು ಮಾದರಿಯನ್ನೂ ಮೂರು ಮೂರು ಸಲ ಅಳೆದ. ಎಲ್ಲ ತಾಳೆಯಾದವು. ಆರು ತಿಂಗಳಲ್ಲಿ ಮೊದಲ ಸಲ ಅವನು ಹೊತ್ತಿಗೆ ಸರಿಯಾಗಿ ಊಟ ಮಾಡಿದ, ಎದೆಯುಬ್ಬಿಸಿ ಮಾಡಿದ.

ಸಾಹೇಬರು ನಾಲ್ಕಕ್ಕೆ ಬಂದರು. ಶ್ರೀನಿವಾಸಪ್ಪನವರು ಕಿತ್ತ ಬಾಗಿಲು ತೋರಿಸಿ ದೂರು ಹೇಳಿದರು. ಸಾಹೇಬರು ಮುನಿರಾಮಪ್ಪನ ಕಡೆ ತಿರುಗಿದರು.

"ನೀವೇ ಕಿತ್ತಿದ್ದಾ?"

"ನಾನೇ ಸಾರ್. ಈ ಎಣ್ಣೆಗೆ ದಪ್ಪ ಕೊಳವೆನೇ ಬೇಕು. ಯಾರ್ ಬೇಡ ಅಂದ್ರೂ ನಾನು ಅದ್ರಲ್ಲೇ ಅಳೆಯೋದು."

ಸಾಹೇಬರು ಕಾಗದ ಓದಿದರು. ತಾವೇ ಕೂತು ಒಂದು ಸಲ ಅಳೆದರು. ನಾಲ್ಕು ನಿಮಿಷ. "ಭೇಷ್. ಕೊಳವೆ ಆರಿಸೋದು ಗೊತ್ತಿರೋ ಒಬ್ಬರಾದ್ರೂ ಇದೀರಲ್ಲ," ಎಂದು ಬೆನ್ನು ತಟ್ಟಿದರು. ಬಾಗಿಲಲ್ಲಿ ನಿಂತಿದ್ದ ಅಶ್ವತ್ಥಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುನಿರಾಮಪ್ಪನ ಮನಸ್ಸು ಆಗಲೇ ಮಾಸ್ತಿಯ ಬಸ್ಸು ಹತ್ತಿತ್ತು.

ಸಾಹೇಬರು ಫೈಲು ಬಿಚ್ಚಿದರು.

"ಒಂದು ಮಾದರಿಗೆ ಇಡೀ ದಿನ ಬೇಕು, ಅದಕ್ಕೇ ಒಬ್ಬ ಆಳು ಬೇಕು ಅಂತ ಮ್ಯಾನೇಜರು ಬರೆದಿದ್ರು. ಈ ಹುದ್ದೆ ಮಾಡಿದ್ದೇ ಅದಕ್ಕೆ. ನಾಲ್ಕು ನಿಮಿಷದ ಕೆಲ್ಸ ಅಂದ್ಮೇಲೆ ಕೋಲಾರದ ಡಿಪೋದವರು ವಾರಕ್ಕೊಂದ್ಸಲ ಬಂದು ಮುಗಿಸ್ಕೊಂಡು ಹೋಗ್ತಾರೆ. ಈ ಹುದ್ದೆ ಇನ್ನು ಬೇಕಾಗಲ್ಲ."

"ನಾನೂ ಮೊದ್ಲಿಂದ ದಪ್ಪದ್ದೇ ಒಳ್ಳೇದು ಅಂತಿದ್ದೆ ಸಾರ್," ಎಂದರು ಶ್ರೀನಿವಾಸಪ್ಪನವರು.

ಅಶ್ವತ್ಥಮ್ಮ ಒಳಗೆ ನುಗ್ಗಿ ಮುನಿರಾಮಪ್ಪನ ಕಿವಿಯ ಹತ್ತಿರ ಬಂದಳು. "ನಾಯ್ನಾ, ಸಣ್ಣದೇ ಸರಿ ಅಂತ ಒಂದ್ ಮಾತು ಹೇಳ್ಬಿಡು. ಕೆಲ್ಸ ಉಳೀತದೆ."

ಸಾಹೇಬರ ಪೆನ್ನು ಕಾಗದದ ಮೇಲೆ ನಿಂತಿತ್ತು. "ಏನಾದ್ರೂ ಹೇಳೋದಿದ್ಯಾ, ಮುನಿರಾಮಪ್ಪ?"

ಹೇಳಬಹುದಿತ್ತು. ಒಂದೇ ಒಂದು ಸುಳ್ಳು, ಅದೂ ಆರು ತಿಂಗಳಿಂದ ಡಿಪೋವೆಲ್ಲ ನಂಬಿದ್ದ ಸುಳ್ಳು. ಅವನಿಗೆ ಸಿಟ್ಟು ಬಂತು.

"ದಪ್ಪದ್ದೇ ಸರಿ ಸಾರ್," ಎಂದ ಮುನಿರಾಮಪ್ಪ.

ಸಾಹೇಬರು ಸಹಿ ಹಾಕಿದರು.