ಅಜ್ಜನನ್ನು ಕೊಂದ ಚಳಕು

ನಾನು ಹುಟ್ಟಾ ಹೆದರುಪುಕ್ಕಲ. ಹಾವಿಗಲ್ಲ, ಹುಲಿಗಲ್ಲ, ನಾನು ಕಾರಕೂನನಾಗಿರುವ ಗೋಕಾಕದ ಕಚೇರಿಯ ತಪಾಸಣೆಗೆ ಬರುವ ಬಿಳಿಯ ಸಾಹೇಬರಿಗೂ ಅಲ್ಲ. ನನಗೆ ಹೆದರಿಕೆ ನನ್ನ ಹೊಟ್ಟೆಯದು. ಉಂಡು ಎದ್ದ ಸ್ವಲ್ಪ ಹೊತ್ತಿಗೆ ಎಡಪಕ್ಕೆಯಲ್ಲಿ ಒಂದು ಚಳಕು ಏಳುತ್ತದೆ. ಹಾಗೆಂದು ಊಟ ಕಡಿಮೆ ಮಾಡಿದವನೂ ನಾನಲ್ಲ. ಚಳಕು ಬಂದೊಡನೆ 'ಶಿವನೇ' ಎಂದು ಉರುಳಿಕೊಳ್ಳುತ್ತೇನೆ, ಹೆಂಡತಿ ಗೌರವ್ವ ಉಪ್ಪಿನ ಗಂಟು ಕಾಯಿಸಿ ಹೊಟ್ಟೆಗೆ ಶಾಖ ಕೊಡುತ್ತಾಳೆ. ಮದುವೆಯಾದಾಗಿನಿಂದ, ಅಂದರೆ ಹದಿನಾರು ವರ್ಷದಿಂದ, ಇದು ಹೀಗೇ ನಡೆದಿದೆ.

ಊರಿಗೆ ಹೊಸದಾಗಿ ಬಂದ ಡಾಕ್ಟರರು ನನ್ನ ಹೊಟ್ಟೆಯನ್ನು ಕಲ್ಲಂಗಡಿಯಂತೆ ಬಡಿದು ನೋಡಿ, ನಿಮ್ಮ ಹಿರಿಯರು ಯಾವ ರೋಗದಿಂದ ತೀರಿಕೊಂಡರು ಎಂದು ಕೇಳಿದರು. ತಂದೆ ಎತ್ತು ಹಾಯ್ದು ಸತ್ತರೆಂದೆ. ಅದು ಮಕ್ಕಳಿಗೆ ಬರುವ ರೋಗವಲ್ಲವೆಂದು ಅವರೂ ಒಪ್ಪಿದರು. ನಾನು ಹುಟ್ಟುವ ಮೊದಲೇ ಹೋದ ಅಜ್ಜ, ಮುತ್ತಜ್ಜಂದಿರ ರೋಗ ಮಾತ್ರ ನನಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಹಿರಿಯರು ಸಾಯುವುದಿಲ್ಲ, ಲಿಂಗೈಕ್ಯರಾಗುತ್ತಾರೆ. ಅದಕ್ಕೆ ಮುಂಚೆ ಭೇದಿಯಾಗಿತ್ತೋ, ದಮ್ಮು ಹತ್ತಿತ್ತೋ ಯಾರೂ ಹೇಳುವುದಿಲ್ಲ. ಅಜ್ಜನನ್ನು ಒಯ್ದದ್ದು ಇದೇ ಚಳಕಾಗಿದ್ದರೆ ನನ್ನ ಗತಿಯೇನು?

ಮರುದಿನವೇ ರಜೆ ಹಾಕಿ, ಚಕ್ಕಡಿ ಹತ್ತಿ ಘೋಡಗೇರಿಗೆ ಹೋದೆ. ಅಲ್ಲಿಗೆ ಕೊಟ್ಟಿದ್ದ ನನ್ನ ಸೋದರತ್ತೆ ನೀಲವ್ವ ಎಂಬತ್ತು ದಾಟಿದವಳು. ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ಕಾರಕೂನನ ಗತ್ತಿನಲ್ಲಿ ನೋಟಬುಕ್ಕು ಬಿಚ್ಚಿ ಕೇಳಿದರೆ, ಇಬ್ಬರೂ ಲಿಂಗದೊಳಗಾದರು ಎಂದಳು. ರೋಗ ಯಾವುದೆಂದರೆ ಸಿಟ್ಟಾದಳು. ಮನೆಯಲ್ಲಿ ಮದುವೆಗೆ ಬಂದ ಮಗಳು ಇರುವಾಗ ಮನೆತನದ ರೋಗ ಬರೆದುಕೊಂಡು ತಿರುಗುತ್ತೀಯಾ, ಸಂಬಂಧ ಮಾತಾಡುತ್ತಿರುವ ಹುಕ್ಕೇರಿಯ ಬೀಗರ ಕಿವಿಗೆ ಬಿದ್ದರೆ ಹೆಣ್ಣು ಮನೆಯಲ್ಲೇ ಉಳಿಯುತ್ತದೆ ಎಂದು ಬೈದಳು. ಯಾರಿಗೂ ಹೇಳುವುದಿಲ್ಲವೆಂದು ನಾನು ವಿಭೂತಿ ಮುಟ್ಟಿ ಆಣೆ ಮಾಡಿ ನೋಟಬುಕ್ಕು ಮುಚ್ಚಿದ ಮೇಲೆ ದನಿ ತಗ್ಗಿಸಿದಳು. ಇಬ್ಬರಿಗೂ ಉಂಡ ಮೇಲೆ ಎಡಪಕ್ಕೆಯಲ್ಲಿ ಚಳಕು ಏಳುತ್ತಿತ್ತಂತೆ.

ನಾನು ಅವಳ ಹತ್ತಿರ ಸರಿದೆ. "ಅದರಿಂದನ ಸತ್ರೇನ ಅತ್ತಿ?"

"ಇಲ್ಲಪಾ. ನಮ್ಮಪ್ಪ ಎಪ್ಪತ್ತು ದಾಟಿ ಹೋದ, ನಮ್ಮ ಮುತ್ಯಾ ಎಂಬತ್ತಕ್ಕ ಹೋದ. ಚಳಕು ಅವರಿಗೆ, ಸತ್ತಾಕಿ ನಮ್ಮವ್ವ. ಅಪ್ಪನ ಹೊಟ್ಟಿ ಕಾಸಿ ಕಾಸಿ ನಲವತ್ತಕ್ಕ ಹೋದಳು. ಮುತ್ಯಾನ ಹೇಂತಿ, ನಮ್ಮ ಆಯಿನೂ ಹಂಗ."

ಅಜ್ಜಿಗೆ ಏನಾಗಿತ್ತೆಂದು ಕೇಳಿದೆ.

"ಯಾರಿಗ್ಗೊತ್ತು? ಆಕಿನ್ನ ಯಾರ ಕೇಳಿದ್ರು?"

ನನ್ನ ಜೀವ ಉಳಿಯಿತೆಂದು ಹಿಗ್ಗಬೇಕಾಗಿತ್ತು, ಹಿಗ್ಗಲಾಗಲಿಲ್ಲ. ನಾನೂ ಗಂಡಸರ ರೋಗವನ್ನಷ್ಟೇ ಕೇಳಲು ಬಂದವನು. ಚಕ್ಕಡಿಯಲ್ಲಿ ದಾರಿಯುದ್ದಕ್ಕೂ ನಾಚಿಕೆಯಾಯಿತು. ಅಷ್ಟು ಹೊತ್ತು ಚಳಕೂ ಬರಲಿಲ್ಲ.

ಮನೆಗೆ ಬಂದಾಗ ಗೌರವ್ವ ರೊಟ್ಟಿ ಬಡಿಯುತ್ತಿದ್ದಳು. ಮಣೆ ಎಳೆದುಕೊಂಡು ಅವಳ ಬದಿಗೆ ಕುಳಿತು, ನಿನಗೆ ಎಲ್ಲಿಯಾದರೂ ನೋವಿದೆಯೇ ಎಂದು ಜನ್ಮದಲ್ಲಿ ಮೊದಲ ಸಲ ಕೇಳಿದೆ. ಬಡಿಯುತ್ತಿದ್ದ ಕೈ ನಿಂತಿತು. ನನ್ನ ಮುಖವನ್ನೇ ನೋಡುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮುಚ್ಚಿಡಬ್ಯಾಡ್ರಿ, ಖರೆ ಹೇಳ್ರಿ. ನಿಮಗ ಇನ್ನ ಎಷ್ಟ ದಿನಾ ಅಂದ್ರು ಡಾಕ್ಟರ್ರು?"