ಹದಿನಾಲ್ಕು ಸಸಿ, ಹದಿನಾಲ್ಕು ಟ್ರ್ಯಾಕ್ಟರು

ಸಾವಿತ್ರವ್ವ: ಗೇಟ್ ತೆಗಿಯಂಗಿಲ್ಲ ಅಂದ್ರ ತೆಗಿಯಂಗಿಲ್ಲ! ನಿನ್ನ ಸ್ಪರ್ಧಾ ಬೇಕಾದ್ರ ಡಾಂಬರ ರೋಡಿನ ಮ್ಯಾಲ ಮಾಡ್ಕೋ ಹೋಗು.

ಯಾಸೀನ: ಹಂಗನಬ್ಯಾಡ್ರಿ ಕಾಕಿ. ಇಂಡಿಯಿಂದ, ಸಿಂದಗಿಯಿಂದ, ಮುದ್ದೇಬಿಹಾಳದಿಂದ ಮಂದಿ ಬಂದಾರ. ಈಗ ಬಂದ್ ಅಂದ್ರ ನಾಳಿ ಗ್ಯಾರೇಜಿನ ಬಾಗಲಾ ಯಾವ ಮಾರಿ ಇಟಗೊಂಡು ತೆಗೀಲಿ?

ಬಸವನ ಬಾಗೇವಾಡಿ ಹತ್ತಿರದ ಆ ಬೀಳು ಹೊಲ ಸಾವಿತ್ರವ್ವನದು. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಬಾವುಟಗಳ ನಡುವೆ ಹಿಂದಕ್ಕೆ ಓಡಿಸುವ ಸ್ಪರ್ಧೆ ಮೆಕ್ಯಾನಿಕ್ ಯಾಸೀನನದು; ಒಂದು ಬಾವುಟ ಬಿದ್ದರೂ ಸೋತಂತೆ. ಗೇಟಿನ ಕೀಲಿ ಮಾತ್ರ ಸಾವಿತ್ರವ್ವನ ಸೆರಗಿನ ಗಂಟಿನಲ್ಲಿತ್ತು. ರಸ್ತೆಯುದ್ದಕ್ಕೂ ಹದಿನಾಲ್ಕು ಟ್ರ್ಯಾಕ್ಟರುಗಳು ನಿಂತಲ್ಲೇ ಹೊಗೆ ಬಿಡುತ್ತಿದ್ದವು.

ಸಾವಿತ್ರವ್ವ: ಹೋದ ವರ್ಷ ನಿಮ್ಮ ಹೊಗಿಗೆ ಎಂಟ ದಿನ ಕೆಮ್ಮಿದೆ. ಮಾಳಿಗಿ ಮ್ಯಾಲ ಒಣಗಾಕ ಹಾಕಿದ್ದ ಹಪ್ಪಳ ಕರ್ರಗಾದ್ವು. ಬೀಗರು ತಿಂದು, ಉದ್ದಿನ ಸಿಪ್ಪಿ ತಗದಿಲ್ಲೇನ್ರಿ ಅಂತ ಕೇಳಿದ್ರು!

ಯಾಸೀನ: ಅದಕ್ಕಲ್ರಿ ಈ ಸಲ ಕರಾರು ಮಾಡಿದ್ದು? ಒಂದು ಟ್ರ್ಯಾಕ್ಟರಿಗೆ ಒಂದು ಬೇವಿನ ಸಸಿ. ನಾವು ಬಿಟ್ಟ ಹೊಗಿ ಗಿಡ ತಿಂತಾವು. ನೋಡ್ರಿ, ಆಲಮಟ್ಟಿ ನರ್ಸರಿಯಿಂದ ಹದಿನಾಲ್ಕೂ ತಂದೇವಿ!

ಸಾವಿತ್ರವ್ವ: ಯಾತರಾಗ ತಂದ್ರಿ?

ಯಾಸೀನ: ಟ್ರ್ಯಾಕ್ಟರದಾಗ್ರಿ.

ಸಾವಿತ್ರವ್ವ: ಯಾರ ಟ್ರ್ಯಾಕ್ಟರದಾಗ?

ಯಾಸೀನ (ತಲೆ ಕೆರೆದುಕೊಂಡು): ಎಲ್ಲಾರದೂ.

ಸಾವಿತ್ರವ್ವ: ಹದಿನಾಲ್ಕು ಸಸಿಗೆ ಹದಿನಾಲ್ಕು ಟ್ರ್ಯಾಕ್ಟರ?

ಮೂರು ವರ್ಷದಿಂದ ಮೊದಲ ಸ್ಥಾನ ಬಿಟ್ಟುಕೊಡದ ಇಂಡಿ ಊರಿನ ಅಮೋಘಸಿದ್ಧ ಸೀಟಿನಿಂದಲೇ ಬಾಯಿ ಹಾಕಿದ.

ಅಮೋಘಸಿದ್ಧ: ಮತ್ತೇನ್ರಿ ಯವ್ವಾ? ನನ್ನ ಸಸಿ ಆ ಸಿಂದಗಿ ಜುಲ್ಫಿಕರನ ಗಾಡ್ಯಾಗ ಕೂತು ಬಂದ್ರ ನಮ್ಮೂರಾಗ ಏನಂತಾರ?

ಸಾವಿತ್ರವ್ವ: ಹೋಗ್ಲಿ, ಒಂದೊಂದು ಸಸಿ ತರಾಕ ಟ್ರೇಲರ್ ಯಾಕ ಕಟ್ಟಿದ್ರಿ?

ಅಮೋಘಸಿದ್ಧ: ಸಸಿ ಹಿಡಕೊಳ್ಳಾಕ ಆರು ಮಂದಿ ಇದ್ರಲ್ರಿ.

ಸಾವಿತ್ರವ್ವ: ಚಾ ಕುಡಿಯಾಕ ನಿಂತಾಗರ ಬಂದ್ ಮಾಡಿದ್ರಿಲ್ಲೋ?

ಯಾಸೀನ: ಮುದ್ದೇಬಿಹಾಳದ ಗೈಬುಸಾಬನ ಗಾಡಿ ಬಂದ್ ಮಾಡಿದ್ರ ಮತ್ತ ಚಾಲೂ ಆಗಂಗಿಲ್ರಿ. ಅವನೊಬ್ಬನ ಚಾಲೂ ಇಟ್ರ ಅವಗ ಬ್ಯಾಸರಾಗತೈತಿ ಅಂತ ಎಲ್ಲಾರೂ ಚಾಲೂ ಇಟ್ವಿ.

ಸಾವಿತ್ರವ್ವ: ಸ್ಪರ್ಧಾದಾಗ ಒಂದು ಗಾಡಿ ಎಷ್ಟೊತ್ತು ಓಡತೈತಿ?

ಯಾಸೀನ: ಮೂರು ಮಿನಿಟ.

ಸಾವಿತ್ರವ್ವ: ಸಸಿ ತರಾಕ?

ಯಾಸೀನ: ನಸಕಿನ್ಯಾಗ ಬಿಟ್ಟೇವ್ರಿ. ಈಗ ಬಂದೇವಿ.

ಸಾವಿತ್ರವ್ವ: ಆ ಹೊಗಿ ಯಾವ ಗಿಡ ತಿನ್ನಬೇಕು?

ಯಾಸೀನ ಬೆರಳು ಮಡಚಿ ಲೆಕ್ಕ ಹಾಕಿದ. ಬೆರಳು ಸಾಲಲಿಲ್ಲ.

ಯಾಸೀನ: ಇನ್ನೊಂದು ಇನ್ನೂರು ಸಸಿ ಬೇಕಾಗತಾವ್ರಿ.

ಅಮೋಘಸಿದ್ಧ: ಅಷ್ಟ ಏನು? ಏ, ಗಾಡಿ ತಿರುಗಸ್ರೋ! ಆಲಮಟ್ಟಿಗೆ!

ಸಾವಿತ್ರವ್ವ: ಇಳೀರೋ ಕೆಳಗ! ಮೊದಲ ಎಲ್ಲಾ ಬಂದ್ ಮಾಡ್ರಿ. ಯಾಸೀನ, ನಿನ್ನ ಗ್ಯಾರೇಜಿನ ಹಿಂದ ಬೇವಿನ ಬುಡಕ ಬೇಕಾದಷ್ಟು ಸಸಿ ಎದ್ದಾವು. ಅವನ್ನ ಬುಟ್ಟ್ಯಾಗ ಹೊತ್ತು ತಂದು ಹಚ್ಚು. ಒಂದು ಗಾಡಿ ಓಡುವಾಗ ಉಳದವು ಬಂದ್ ಇರಬೇಕು. ಗೆದ್ದಾವ ಮೂರು ಬ್ಯಾಸಗಿ ಸಸಿಗೆ ನೀರು ಹಾಕಬೇಕು. ಟ್ಯಾಂಕರ್ ತರಂಗಿಲ್ಲ, ಕೊಡದಾಗ. ಒಪ್ಪಿದ್ರ ಕೀಲಿ.

ಯಾಸೀನ: ಗೆದ್ದಾವಗ ಇದಕ್ಕಿಂತ ದೊಡ್ಡ ಮರ್ಯಾದಿ ಯಾವುದೈತ್ರಿ? ಒಪ್ಪಿದೆ!

ಗೇಟು ತೆರೆಯಿತು. ಮೂರು ವರ್ಷ ಒಂದು ಬಾವುಟವನ್ನೂ ಮುಟ್ಟದಿದ್ದ ಅಮೋಘಸಿದ್ಧ ಮೊದಲನೆಯದನ್ನೇ ಉರುಳಿಸಿದ. ಜುಲ್ಫಿಕರ ಎರಡು ಉರುಳಿಸಿದ. ಗೈಬುಸಾಬನ ಟ್ರ್ಯಾಕ್ಟರನ್ನು ಎಂಟು ಮಂದಿ ತಳ್ಳಿ ಚಾಲೂ ಮಾಡಿದರು. ಅವನು ಒಂದನ್ನೂ ಬಿಡದೆ ಎಲ್ಲವನ್ನೂ ಕೆಡವಿದ. ಹದಿನಾಲ್ಕನೆಯವನು ಇಳಿಯುವ ಹೊತ್ತಿಗೆ ಯಾಸೀನನಿಗೆ ಅಳುವೇ ಬಂತು. ಇಷ್ಟು ಆಸೆಯಿಂದ ಕಟ್ಟಿದ ಸ್ಪರ್ಧೆಯ ಮಾನ ಊರೆದುರು ಮಣ್ಣುಪಾಲಾಗುತ್ತಿತ್ತು.

ಯಾಸೀನ: ನಾಚಿಗಿ ಬರಬೇಕ್ರೋ ನಿಮಗ! ಬಾವುಟ ನಿಲ್ಲಸ್ರಿ. ಸರೀರಿ ಆಕಡೆ, ನೋಡ್ರಿಲ್ಲೆ!

ಯಾಸೀನ ಅಮೋಘಸಿದ್ಧನ ಟ್ರ್ಯಾಕ್ಟರು ಹತ್ತಿದವನೇ ಒಂದು ಬಾವುಟವೂ ಅಲುಗಾಡದಂತೆ ಹಿಂದಕ್ಕೆ ಬಂದು ಗೇಟಿನೆದುರು ನಿಲ್ಲಿಸಿದ. ಹದಿನಾಲ್ಕು ಮಂದಿಯೂ ಚಪ್ಪಾಳೆ ತಟ್ಟಿದರು. ಅಮೋಘಸಿದ್ಧನದೇ ಎಲ್ಲರಿಗಿಂತ ಜೋರು. ಸಾವಿತ್ರವ್ವ ಕೊಡ ತಂದಳು.

ಯಾಸೀನ: ಕಾಕಿ, ನಾ ಸ್ಪರ್ಧಾದಾಗ ಇದ್ದಿದ್ದಿಲ್ರಿ!

ಸಾವಿತ್ರವ್ವ: ಗೆದ್ದೀಯಲ್ಲ ತಮ್ಮಾ! ಬಾವಿ ಅಲ್ಲೈತಿ. ನಡಕೋಂತ ಹೋಗು.